ಹಿಮಚಿರತೆಯ ನೆರೆಯಲ್ಲಿ ಪಶುಪಾಲನೆ



ದೇವಾಲಯಗಳಲ್ಲಿ ಉತ್ಸವಮೂರ್ತಿಗೆ ಬೀಸುವ ಬಿಳಿಯ ಚಾಮರವನ್ನು ಕಾಣದ ಕನ್ನಡಿಗರು ವಿರಳ. ಆದರೆ ಆ ಚಾಮರದ ನೀಳವಾದ ಕೂದಲು ಯಾವ ಪ್ರಾಣಿಯದೆಂಬುದು ಎಲ್ಲರಿಗೂ ಒಡನೆ ಹೊಳೆಯಲಾರದು. ಅದು ಹಿಮಾಲಯದ ಚಮರೀಮೃಗದ ಬಾಲದ ಕೂದಲು. ಇಂದು ಯಾಕ್ ಎಂಬ ಹೆಸರಿನಿಂದ ಪರಿಚಿತವಾಗಿರುವ ಈ ಪ್ರಾಣಿ ಬಯಲಿನ ಬಿಸಿಲಿನಲ್ಲಿ ಬಾಳಲಾರದು. ಗಾಳಿಯು ತೆಳುವಾಗಿರುವ, ಮರಗಳು ಬೆಳೆಯದ, ವರ್ಷದ ಆರು ತಿಂಗಳು ಹಿಮ ಕವಿದಿರುವ ಎತ್ತರದ ನಾಡಿನಲ್ಲಿ ಅದು ಮನುಷ್ಯನ ಜೊತೆಗೂಡಿ ದುಡಿಯುತ್ತದೆ. ಅದೇ ನಾಡು ಹಿಮಚಿರತೆಯ ಮತ್ತು ತೋಳದ ನೆಲೆಯೂ ಆಗಿದೆ. ಒಂದೇ ಬೆಟ್ಟವನ್ನು ಹಂಚಿಕೊಂಡಿರುವ ಈ ಮೂವರಲ್ಲಿ, ಎಂದರೆ ಪಶುಪಾಲಕ, ಅವನ ಹಿಂಡು ಹಾಗೂ ಹಿಂಸ್ರಪ್ರಾಣಿ ಇವರ ನಡುವೆ, ಬಾಳ್ವೆ ಹೇಗೆ ನಡೆಯುತ್ತದೆ, ನಷ್ಟ ಸಂಭವಿಸಿದಾಗ ಅದನ್ನು ಹೊರುವವರು ಯಾರು ಎಂಬುದೇ ಈ ಭಾಷಣದ ವಿಷಯ.

ನಾಡಿನ ಪರಿಚಯ

ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯ ಪೂರ್ವಭಾಗದಲ್ಲಿ ಸ್ಪಿತಿ ಕಣಿವೆಯಿದೆ. ಹಿಮಾಲಯದ ಮುಖ್ಯ ಶ್ರೇಣಿಯು ಮುಂಗಾರಿನ ಮೋಡಗಳನ್ನು ದಕ್ಷಿಣದಲ್ಲಿಯೇ ತಡೆದು ನಿಲ್ಲಿಸುವುದರಿಂದ ಇಲ್ಲಿ ಮಳೆ ಅತ್ಯಲ್ಪ. ಬೀಳುವುದೆಲ್ಲ ಬಹುಮಟ್ಟಿಗೆ ಹಿಮವೇ. ಆದಕಾರಣ ಈ ಪ್ರದೇಶವನ್ನು ಶೀತ ಮರುಭೂಮಿಯೆಂದು ಕರೆಯಲಾಗಿದೆ. ಕಣಿವೆಯ ಆಡಳಿತ ಕೇಂದ್ರವಾದ ಕಾಜಾ ಪಟ್ಟಣದಿಂದ ಮೇಲಕ್ಕೆ ಏರಿದರೆ ಕಿಬ್ಬರ್ ಎಂಬ ಗ್ರಾಮ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 4,200 ಮೀಟರ್ ಎತ್ತರದಲ್ಲಿರುವ ಈ ಊರು, ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತಲೂ ಹೆಚ್ಚು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿಯೂ ಜನರು ಬೇಸಾಯ ಮಾಡುತ್ತಾರೆ, ಹಿಂಡು ಸಾಕುತ್ತಾರೆ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾರೆ.

ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ಹಾಯಿಸಿ ಬಾರ್ಲಿ ಮತ್ತು ಹಸಿ ಬಟಾಣಿಯನ್ನು ಬೆಳೆಯಲಾಗುತ್ತದೆ. ಬಾರ್ಲಿಯನ್ನು ಹುರಿದು ಬೀಸಿದ ಹಿಟ್ಟು ಇಲ್ಲಿನವರ ನಿತ್ಯದ ಆಹಾರ. ರಾಗಿಯ ಹುರಿಹಿಟ್ಟನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಟಾಣಿಯು ಮಾರಾಟದ ಬೆಳೆ. ಬಯಲುನಾಡಿನ ಹೊಲಗಳಲ್ಲಿ ಬಟಾಣಿ ಇಲ್ಲದ ಕಾಲದಲ್ಲಿ ಕೊಯ್ಲಿಗೆ ಬರುವುದರಿಂದ ಅದಕ್ಕೆ ಒಳ್ಳೆಯ ಬೆಲೆ ದೊರೆಯುತ್ತದೆ. ಆದರೂ ಮನೆಯ ಉಳಿತಾಯ, ಉಳುಮೆಯ ಬಲ, ಹೊಲದ ಗೊಬ್ಬರ, ಒಲೆಯ ಉರುವಲು, ಮೈಯ ಹೊದಿಕೆ ಇವೆಲ್ಲಕ್ಕೂ ಆಧಾರ ಸಾಕುಪ್ರಾಣಿಗಳೇ.

ಹಟ್ಟಿಯ ಒಂದು ದಿನ

ಒಂದು ಮನೆಯಲ್ಲಿ ಸಾಮಾನ್ಯವಾಗಿ ಹಲವು ಬಗೆಯ ಪ್ರಾಣಿಗಳಿರುತ್ತವೆ. ಯಾಕ್, ಹಸು, ಇವೆರಡರ ಮಿಶ್ರತಳಿ, ಕುರಿ, ಮೇಕೆ, ಕತ್ತೆ ಮತ್ತು ಕುದುರೆ. ಯಾಕ್ ಮತ್ತು ಹಸುವಿನ ಮಿಶ್ರತಳಿಯ ಗಂಡನ್ನು ಝೋ ಎಂದೂ ಹೆಣ್ಣನ್ನು ಝೋಮೋ ಎಂದೂ ಕರೆಯುತ್ತಾರೆ. ಝೋ ಸಂತಾನಶಕ್ತಿಯಿಲ್ಲದ್ದು, ಆದರೆ ನೇಗಿಲಿಗೆ ಬಲು ಗಟ್ಟಿ. ಝೋಮೋ ಹಾಲಿಗೆ ಹೆಸರಾದುದು. ಸ್ಪಿತಿಯ ಚುಮುರ್ತಿ ತಳಿಯ ಕುದುರೆಯು ಕಡಿದಾದ ಹಾದಿಯಲ್ಲಿ ಹೊರೆ ಹೊತ್ತು ನಡೆಯುವುದರಲ್ಲಿ ಪ್ರಸಿದ್ಧವಾಗಿದೆ.

ದಿನವು ನಸುಕಿನಲ್ಲಿಯೇ ಆರಂಭವಾಗುತ್ತದೆ. ಹಾಲು ಕರೆಯುವುದು, ಕೊಟ್ಟಿಗೆಯ ಸಗಣಿಯನ್ನು ಎತ್ತಿ ಬೆರಣಿಗೆ ಹಾಕುವುದು, ಎಳೆಯ ಕರುಮರಿಗಳನ್ನು ಬೇರ್ಪಡಿಸುವುದು, ಇವು ಬಹುಪಾಲು ಹೆಂಗಸರ ಪಾಲಿನ ಕೆಲಸ. ಬಿಸಿಲು ಬೆಟ್ಟದ ಮಗ್ಗುಲಿಗೆ ಇಳಿಯುವ ಹೊತ್ತಿಗೆ ಮನೆಮನೆಯ ಕುರಿಮೇಕೆಗಳು ಊರ ಹೊರಗೆ ಒಂದಾಗುತ್ತವೆ. ಪ್ರತಿ ಮನೆಯವರೂ ಬೇರೆ ಬೇರೆಯಾಗಿ ಕಾಯುವ ಪದ್ಧತಿ ಇಲ್ಲಿಲ್ಲ. ಇಂದು ಈ ಮನೆಯವರು, ನಾಳೆ ಆ ಮನೆಯವರು ಎಂದು ಸರದಿಯ ಮೇಲೆ ಇಡೀ ಊರಿನ ಹಿಂಡನ್ನು ಕಾಯುತ್ತಾರೆ. ಕರ್ನಾಟಕದ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿಯನ್ನು ಕಂಡವರಿಗೆ ಈ ಏರ್ಪಾಡಿನ ಹಿಂದಿರುವ ನ್ಯಾಯವು ಸುಲಭವಾಗಿ ತಿಳಿಯುತ್ತದೆ. ಸರದಿಯವನು ಕೈಯಲ್ಲಿ ಕದಿರು ಹಿಡಿದು ಉಣ್ಣೆ ನೂಲುತ್ತ ಹಿಂಡಿನ ಹಿಂದೆ ನಡೆಯುತ್ತಾನೆ. ಸಂಜೆ ಹಿಂಡು ಊರಿಗೆ ಮರಳಿದಾಗ ಅವರವರ ಪ್ರಾಣಿಗಳು ಅವರವರ ಬಾಗಿಲಿಗೆ ಸೇರುತ್ತವೆ. ಎಣಿಕೆಯಲ್ಲಿ ಒಂದು ಕಡಿಮೆಯಾದರೂ ಆ ರಾತ್ರಿ ಹುಡುಕಾಟ ತಪ್ಪದು.

ಯಾಕ್ ಮತ್ತು ಕುದುರೆಗಳ ವಿಷಯ ಬೇರೆ. ಅವುಗಳನ್ನು ಬೇಸಿಗೆಯಲ್ಲಿ ಊರಿನಿಂದ ದೂರದ ಎತ್ತರದ ಹುಲ್ಲುಗಾವಲಿಗೆ ಬಿಟ್ಟುಬಿಡುತ್ತಾರೆ. ಅಲ್ಲಿ ಅವು ಬಹುತೇಕ ಕಾವಲಿಲ್ಲದೆ ಮೇಯುತ್ತವೆ. ಆಗಾಗ ಮನೆಯವರೊಬ್ಬರು ಮೇಲಕ್ಕೆ ಹೋಗಿ ನೋಡಿ ಬರುತ್ತಾರೆ. ಬೇಸಾಯದ ಕೆಲಸ ಒತ್ತರಿಸುವ ಆ ತಿಂಗಳುಗಳಲ್ಲಿ ಇದಕ್ಕಿಂತ ಹೆಚ್ಚಿನ ಕಾವಲು ಸಾಧ್ಯವಾಗುವುದಿಲ್ಲ. ಮನೆಯ ಅತಿ ಬೆಲೆಯುಳ್ಳ ಪ್ರಾಣಿಯೇ ಅತಿ ಕಡಿಮೆ ಕಾವಲಿನಲ್ಲಿರುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಮುಂದೆ ವಿವರಿಸಲಿರುವ ಕಷ್ಟದ ಬೇರು ಇಲ್ಲಿಯೇ ಇದೆ.

ಚಳಿಗಾಲವು ಸಮೀಪಿಸಿದಂತೆ ಊರಿನ ಮುಖವೇ ಬದಲಾಗುತ್ತದೆ. ಬಾರ್ಲಿಯ ಹುಲ್ಲು, ಬಟಾಣಿಯ ಒಣಬಳ್ಳಿ, ಬೆಟ್ಟದಿಂದ ಕೊಯ್ದು ತಂದ ಹುಲ್ಲು ಮತ್ತು ಕುರುಚಲು ಸೌದೆ, ಎಲ್ಲವೂ ಮಣ್ಣಿನ ಮನೆಗಳ ಸಮತಟ್ಟಾದ ಮಾಳಿಗೆಯ ಅಂಚಿನಲ್ಲಿ ಒತ್ತಾಗಿ ಪೇರಿಸಲ್ಪಡುತ್ತವೆ. ಮನೆಯ ಕೆಳ ಅಂತಸ್ತು ಪ್ರಾಣಿಗಳಿಗೆ, ಮೇಲಿನದು ಮನುಷ್ಯರಿಗೆ. ಉಷ್ಣತೆಯು ಸೊನ್ನೆಗಿಂತ 25ರಿಂದ 30 ಡಿಗ್ರಿಗಳಷ್ಟು ಕೆಳಗಿಳಿಯುವ ರಾತ್ರಿಗಳಲ್ಲಿ ಕೆಳಗಿನ ಹಿಂಡಿನ ಮೈಬಿಸಿಯು ಮೇಲಿನ ಕೋಣೆಯನ್ನು ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಮನಾಲಿಯ ಕಡೆಯಿಂದ ಬರುವ ಕುಂಜುಮ್ ಕಣಿವೆಮಾರ್ಗವು ಹಿಮದಿಂದ ಮುಚ್ಚಿಹೋಗುತ್ತದೆ. ಸಂಗ್ರಹಿಸಿದ ಮೇವು ವಸಂತದವರೆಗೆ ಸಾಲದಿದ್ದರೆ ಹೊರಗಿನಿಂದ ತರಿಸುವುದು ಸುಲಭವಲ್ಲ. ಆದ್ದರಿಂದ ಎಷ್ಟು ಪ್ರಾಣಿಗಳನ್ನು ಚಳಿಗಾಲಕ್ಕೆ ಉಳಿಸಿಕೊಳ್ಳಬೇಕೆಂಬುದು ಪ್ರತಿ ಮನೆಯ ಶರತ್ಕಾಲದ ದೊಡ್ಡ ಲೆಕ್ಕಾಚಾರವಾಗಿದೆ.

ಬೆಟ್ಟದ ಇತರ ನಿವಾಸಿಗಳು

ಅದೇ ಬೆಟ್ಟಗಳಲ್ಲಿ ಭರಲ್ ಎಂಬ ನೀಲಿ ಕುರಿಯೂ ಐಬೆಕ್ಸ್ ಎಂಬ ಕಾಡುಮೇಕೆಯೂ ಮೇಯುತ್ತವೆ. ಇವೇ ಹಿಮಚಿರತೆಯ ಸಹಜ ಆಹಾರ. ಬೂದುಬಣ್ಣದ ಮೈಮೇಲೆ ಕಪ್ಪು ಹೂಮಚ್ಚೆಗಳಿರುವ ಈ ಪ್ರಾಣಿಯು ಬಂಡೆಗಳ ನಡುವೆ ಕುಳಿತರೆ ಹತ್ತಿರದಲ್ಲಿದ್ದವರಿಗೂ ಕಾಣದು. ಅದರ ಬಾಲವು ಹತ್ತಿರ ಹತ್ತಿರ ಒಂದು ಮೀಟರ್ ಉದ್ದವಿದ್ದು, ಕಡಿದಾದ ಇಳಿಜಾರಿನಲ್ಲಿ ಮೈಯ ತೂಕವನ್ನು ಸರಿದೂಗಿಸಿಕೊಳ್ಳಲು ನೆರವಾಗುತ್ತದೆ. ಹುಲಿ ಸಿಂಹಗಳಂತೆ ಅದು ಗರ್ಜಿಸಲಾರದು. ಏಷ್ಯಾದ 12 ದೇಶಗಳಲ್ಲಿ ಮಾತ್ರ ಈ ಪ್ರಾಣಿ ಉಳಿದಿದೆ.

ಭಾರತದಲ್ಲಿ 2019ರಿಂದ 2023ರವರೆಗೆ ನಡೆದ ಮೊದಲ ರಾಷ್ಟ್ರವ್ಯಾಪಿ ಅಂದಾಜಿನ ಫಲಿತಾಂಶವು 2024ರ ಜನವರಿಯಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿದ್ದ ಹಿಮಚಿರತೆಗಳ ಸಂಖ್ಯೆ 718. ಇವುಗಳಲ್ಲಿ ಲಡಾಖ್‌ನಲ್ಲಿ 477, ಉತ್ತರಾಖಂಡದಲ್ಲಿ 124, ಹಿಮಾಚಲ ಪ್ರದೇಶದಲ್ಲಿ 51, ಅರುಣಾಚಲ ಪ್ರದೇಶದಲ್ಲಿ 36, ಸಿಕ್ಕಿಂನಲ್ಲಿ 21 ಹಾಗೂ ಜಮ್ಮು ಮತ್ತು ಕಾಶ್ಮೀರದಲ್ಲಿ 9. ಹಿಮಚಿರತೆ ಮತ್ತು ತೋಳ ಎರಡೂ 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿವೆ. ಅವುಗಳ ಬೇಟೆ ಅಪರಾಧ.

ಆದರೆ ಒಂದು ವಿಶೇಷವನ್ನು ಮರೆಯಲಾಗದು. ಹುಲಿಯನ್ನು ರಕ್ಷಿಸಲು ಕಾಡಿನ ಒಂದು ಭಾಗವನ್ನು ಪ್ರತ್ಯೇಕಿಸಿ ಅಭಯಾರಣ್ಯವೆಂದು ಘೋಷಿಸುವ ಕ್ರಮವು ಬಹಳಷ್ಟು ಫಲ ಕೊಟ್ಟಿದೆ. ಹಿಮಾಲಯದ ಆಚೆಯ ಈ ನಾಡಿನಲ್ಲಿ ಹಾಗಲ್ಲ. ಮೇವು ವಿರಳವಾದುದರಿಂದ ಒಂದೊಂದು ಹಿಮಚಿರತೆಗೂ ಬಹು ವಿಸ್ತಾರವಾದ ನೆಲ ಬೇಕು. ಅದೇ ಕಾರಣಕ್ಕೆ ಹಿಂಡಿಗೂ ವಿಸ್ತಾರವಾದ ನೆಲ ಬೇಕು. ಹೀಗಾಗಿ ಇಲ್ಲಿ ಮನುಷ್ಯನ ಬೆಟ್ಟ ಬೇರೆ, ಮೃಗದ ಬೆಟ್ಟ ಬೇರೆ ಎಂಬ ಗೆರೆಯನ್ನು ಎಳೆಯಲು ಬರುವುದಿಲ್ಲ. 1992ರಲ್ಲಿ ಘೋಷಿತವಾದ ಕಿಬ್ಬರ್ ವನ್ಯಜೀವಿಧಾಮದಲ್ಲಿಯೂ ಹಳ್ಳಿಗರ ಹಿಂಡುಗಳು ಪರಂಪರೆಯಿಂದ ಮೇಯುತ್ತ ಬಂದಿವೆ.

ನಷ್ಟದ ಲೆಕ್ಕ

ಕಿಬ್ಬರ್ ವನ್ಯಜೀವಿಧಾಮದ ಸುತ್ತಲಿನ ಮೂರು ಹಳ್ಳಿಗಳಲ್ಲಿ ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ ಅವರು ನಡೆಸಿದ ಅಧ್ಯಯನವು 1997ರಲ್ಲಿ ಪ್ರಕಟವಾಯಿತು. ಆ ಹಳ್ಳಿಗಳಲ್ಲಿದ್ದ ಮನೆಗಳು 80. ಹದಿನೆಂಟು ತಿಂಗಳ ಅವಧಿಯಲ್ಲಿ 189 ಸಾಕುಪ್ರಾಣಿಗಳು ಕಾಡುಮೃಗಗಳಿಗೆ ಬಲಿಯಾದವೆಂದು ಹಳ್ಳಿಗರು ತಿಳಿಸಿದ್ದರು. ಪ್ರತಿ ಮನೆಗೆ ತಗುಲಿದ ನಷ್ಟವು ಅಲ್ಲಿನ ಒಬ್ಬ ವ್ಯಕ್ತಿಯ ಸರಾಸರಿ ವಾರ್ಷಿಕ ಆದಾಯದ ಅರ್ಧದಷ್ಟಿತ್ತು. ಹಳ್ಳಿಗರು ಹೇಳಿದ ವಾರ್ಷಿಕ ನಷ್ಟದಲ್ಲಿ ಪರಿಹಾರಧನದ ರೂಪದಲ್ಲಿ ಅವರ ಕೈಸೇರಿದ್ದು ಶೇಕಡಾ 3ರಷ್ಟು ಮಾತ್ರ.

ಈ ಕೊನೆಯ ಅಂಕಿಯು ಆಲೋಚನೆಗೆ ಎಡೆಮಾಡಿಕೊಡುತ್ತದೆ. ಪರಿಹಾರ ಕೊಡಬೇಕೆಂಬ ನಿಯಮವಿದ್ದರೂ ಅದು ಜನರನ್ನು ತಲುಪದಿರಲು ಕಾರಣಗಳು ಊಹಿಸಲಾಗದವೇನಲ್ಲ. ಯಾಕ್ ಸತ್ತಿರುವುದು ಊರಿನಿಂದ ಒಂದೆರಡು ದಿನದ ನಡಿಗೆಯ ದೂರದಲ್ಲಿ. ಅದು ಒಡೆಯನ ಕಣ್ಣಿಗೆ ಬೀಳುವ ವೇಳೆಗೆ ಹದ್ದುಗಳು ಮಾಂಸವನ್ನು ಮುಗಿಸಿರುತ್ತವೆ. ಕೊಂದದ್ದು ಮೃಗವೇ, ಅಥವಾ ಬಂಡೆಯಿಂದ ಜಾರಿ ಬಿದ್ದು ಸತ್ತಿತೇ ಎಂಬುದಕ್ಕೆ ಸಾಕ್ಷ್ಯ ಉಳಿದಿರುವುದಿಲ್ಲ. ದೂರು ಕೊಡಲು, ಸ್ಥಳ ಪರಿಶೀಲನೆಗೆ, ಮತ್ತೆ ಹಣಕ್ಕಾಗಿ ಕಚೇರಿಗೆ ಅಲೆಯಲು ಕೆಲಸದ ದಿನಗಳು ಕಳೆಯುತ್ತವೆ. ಬರುವ ಹಣಕ್ಕಿಂತ ಅಲೆದಾಟದ ಖರ್ಚೇ ಹೆಚ್ಚೆಂದು ಕಂಡಾಗ ಬಡವನು ಸುಮ್ಮನಾಗುತ್ತಾನೆ. ಆದರೆ ಅವನ ಮನಸ್ಸಿನ ಕಹಿ ಸುಮ್ಮನಾಗುವುದಿಲ್ಲ. ಆ ದಿನಗಳಲ್ಲಿ ಹಳ್ಳಿಗರು ತೋಳಗಳನ್ನು ಕೊಲ್ಲುತ್ತಿದ್ದುದನ್ನು ಅದೇ ಅಧ್ಯಯನ ದಾಖಲಿಸಿದೆ.

ಅಧ್ಯಯನವು ಇನ್ನೊಂದು ಸಂಗತಿಯನ್ನೂ ಬೆಳಕಿಗೆ ತಂದಿತು. ಹಿಂದಿನ ಹತ್ತು ವರ್ಷಗಳಲ್ಲಿ ಆ ಹಳ್ಳಿಗಳ ಸಾಕುಪ್ರಾಣಿಗಳ ಸಂಖ್ಯೆಯು ಶೇಕಡಾ 37.7ರಷ್ಟು ಏರಿತ್ತು. ಹಿಂಡು ಬೆಳೆದಂತೆ ಬೆಟ್ಟದ ವಿರಳವಾದ ಹುಲ್ಲಿನಲ್ಲಿ ಕಾಡುಕುರಿಯ ಪಾಲು ಕುಗ್ಗುತ್ತದೆ. ಕಾಡುಕುರಿ ಕಡಿಮೆಯಾದ ಬೆಟ್ಟದಲ್ಲಿ ಹಸಿದ ಮೃಗದ ಕಣ್ಣು ಹಿಂಡಿನ ಮೇಲೆ ಬೀಳುತ್ತದೆ. ಹೀಗೆ ದೋಷವನ್ನು ಮೃಗದ ಮೇಲಾಗಲಿ ಮನುಷ್ಯನ ಮೇಲಾಗಲಿ ಪೂರ್ತಿಯಾಗಿ ಹೊರಿಸಲು ಬಾರದ ಪರಿಸ್ಥಿತಿ ಅಲ್ಲಿತ್ತು. ಪರಿಹಾರವನ್ನೂ ಒಂದೇ ಕಡೆಯಲ್ಲಿ ಹುಡುಕುವಂತಿರಲಿಲ್ಲ. ದೊಡ್ಡಿ, ಹುಲ್ಲುಗಾವಲು, ಹಣ ಈ ಮೂರು ಕಡೆಯೂ ಹುಡುಕಬೇಕಾಯಿತು.

ದೊಡ್ಡಿಯ ಭದ್ರತೆ

ಹಿಮಚಿರತೆಯು ಬಯಲಿನಲ್ಲಿ ಹಿಂಡಿನ ಮೇಲೆರಗಿದರೆ ಸಾಮಾನ್ಯವಾಗಿ ಒಂದು ಪ್ರಾಣಿ ಸಾಯುತ್ತದೆ, ಉಳಿದವು ಚದುರಿ ಓಡಿಹೋಗುತ್ತವೆ. ಆದರೆ ರಾತ್ರಿ ವೇಳೆ ದೊಡ್ಡಿಯೊಳಗೆ ನುಗ್ಗಿದಾಗ ಹಾಗಾಗುವುದಿಲ್ಲ. ಓಡಲು ದಾರಿಯಿಲ್ಲದ ಕುರಿಗಳು ಗೋಡೆಯಿಂದ ಗೋಡೆಗೆ ಬಡಿದಾಡುತ್ತವೆ. ಆ ಗಲಿಬಿಲಿಯಲ್ಲಿ ಮೃಗವು ತಾನು ತಿನ್ನಲಾರದಷ್ಟು ಪ್ರಾಣಿಗಳನ್ನು ಕೊಲ್ಲುತ್ತದೆ. ಬೆಳಗಾದಾಗ ಒಡೆಯನು ಕಾಣುವುದು ಹಲವು ವರ್ಷಗಳ ದುಡಿಮೆ ನೆಲಕ್ಕುರುಳಿರುವ ದೃಶ್ಯ. ಬಹಳ ವೇಳೆ ಮೃಗವೂ ಹೊರಬರಲಾರದೆ ಅಲ್ಲಿಯೇ ಇರುತ್ತದೆ. ಸಿಟ್ಟಿಗೆದ್ದ ಜನ ಕಲ್ಲು ದೊಣ್ಣೆಗಳನ್ನು ಹಿಡಿಯುವುದು ಇಂತಹ ಗಳಿಗೆಯಲ್ಲಿಯೇ.

ಲಡಾಖ್‌ನ ಹೆಮಿಸ್ ರಾಷ್ಟ್ರೀಯ ಉದ್ಯಾನದ ಹಳ್ಳಿಗಳಲ್ಲಿ ಇದಕ್ಕೆ ಸರಳವಾದ ಉಪಾಯವನ್ನು ಕಂಡುಕೊಳ್ಳಲಾಯಿತು. ಹಳೆಯ ಕಲ್ಲಿನ ದೊಡ್ಡಿಯ ಗೋಡೆಯನ್ನು ಎತ್ತರಿಸುವುದು, ಮೇಲೆ ಮರದ ತೊಲೆಗಳನ್ನಿಟ್ಟು ತಂತಿಯ ಜಾಲರಿಯನ್ನು ಬಿಗಿಯುವುದು, ಗಿಂಡಿಗಳನ್ನು ಮುಚ್ಚುವುದು, ಸಂದಿಲ್ಲದಂತೆ ಕೂರುವ ಬಾಗಿಲನ್ನು ಇಡುವುದು. ಜಾಲರಿ ಮತ್ತು ಮರವನ್ನು ಹೊರಗಿನಿಂದ ಒದಗಿಸಿದರೆ, ಕಲ್ಲು ಮಣ್ಣು ಹಾಗೂ ಶ್ರಮವನ್ನು ಹಳ್ಳಿಯವರೇ ಕೊಡುತ್ತಾರೆ. ಈ ಕಾರ್ಯದಲ್ಲಿ ಹಿಮಚಿರತೆಯ ತಜ್ಞ ರಾಡ್ನಿ ಜಾಕ್ಸನ್ ಮತ್ತು ಲಡಾಖ್‌ನವರೇ ಆದ ರಿಂಚೆನ್ ವಾಂಗ್‌ಚುಕ್ ಅವರು ವಹಿಸಿದ ಪಾತ್ರ ಸ್ಮರಣೀಯ. ಜೊತೆಗೆ, ಬೆಟ್ಟ ನೋಡಲು ಬರುವ ಪ್ರವಾಸಿಗರನ್ನು ಹಳ್ಳಿಯ ಮನೆಗಳಲ್ಲಿಯೇ ಸರದಿಯ ಪ್ರಕಾರ ಇಳಿಸಿಕೊಳ್ಳುವ ವ್ಯವಸ್ಥೆಯೂ 2000ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಕುರಿಯನ್ನು ಕದಿಯುವ ಕಳ್ಳನಾಗಿದ್ದ ಹಿಮಚಿರತೆ, ಅತಿಥಿಯನ್ನು ಕರೆತರುವ ನೆಂಟನೂ ಆಯಿತು.

ಹುಲ್ಲುಗಾವಲಿನ ಹಂಚಿಕೆ

ಎರಡನೆಯ ಕ್ರಮವು ಹುಲ್ಲಿಗೆ ಸಂಬಂಧಿಸಿದ್ದು. 1998ರಲ್ಲಿ ಕಿಬ್ಬರ್ ಗ್ರಾಮಸ್ಥರು ತಮ್ಮ ಹುಲ್ಲುಗಾವಲಿನಲ್ಲಿ ಸುಮಾರು 5 ಚದರ ಕಿಲೋಮೀಟರ್‌ನಷ್ಟು ನೆಲವನ್ನು ಹಿಂಡಿನಿಂದ ಮುಕ್ತವಾಗಿಡಲು ಒಪ್ಪಿದರು. ಇದಕ್ಕೆ ಪ್ರತಿಯಾಗಿ ಗ್ರಾಮಕ್ಕೆ ಹಣ ಸಂದಾಯವಾಯಿತು. ಆ ನೆಲವನ್ನು ಕಾಯುವ ಕೆಲಸವನ್ನು ಊರಿನ ಯುವಕರಿಗೇ ವಹಿಸಲಾಯಿತು. ಈ ಒಪ್ಪಂದದಲ್ಲಿ ಗ್ರಾಮಸ್ಥರ ಜೊತೆ ನಿಂತ ಸಂಸ್ಥೆಯು 1996ರಲ್ಲಿ ಸ್ಥಾಪಿತವಾದ, ಮೈಸೂರಿನಲ್ಲಿ ನೆಲೆಗೊಂಡಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬುದನ್ನು ಕನ್ನಡಿಗರು ಸಂತೋಷದಿಂದ ನೆನೆಯಬಹುದು. ಮೇಯುವ ಒತ್ತಡ ತಗ್ಗಿದ ನಂತರದ ವರ್ಷಗಳಲ್ಲಿ ಆ ಮೀಸಲು ನೆಲದಲ್ಲಿ ಭರಲ್ ಕುರಿಗಳ ಸಂಖ್ಯೆ ಗಣನೀಯವಾಗಿ ಹೆಚ್ಚಿತು.

ಕಾಡುಕುರಿ ಹೆಚ್ಚಿದರೆ ಸಾಕುಪ್ರಾಣಿಗಳ ಮೇಲಿನ ದಾಳಿ ತಾನಾಗಿಯೇ ನಿಲ್ಲುತ್ತದೆ ಎಂದು ಯಾರಾದರೂ ಭಾವಿಸಬಹುದು. ವಾಸ್ತವವು ಅಷ್ಟು ಸರಳವಲ್ಲ. ಕಾಡುಕುರಿ ಹೇರಳವಾಗಿರುವಲ್ಲಿ ಹಿಮಚಿರತೆಗಳ ಸಂಖ್ಯೆಯೂ ಏರುತ್ತದೆ, ಅದರಿಂದ ಸಾಕುಪ್ರಾಣಿಗಳ ನಷ್ಟವೂ ಏರಬಹುದು ಎಂದು ನಂತರದ ಅಧ್ಯಯನಗಳು ಎಚ್ಚರಿಸಿವೆ. ಎಂದರೆ ಸಂರಕ್ಷಣೆಯ ಕಾರ್ಯವು ಯಶಸ್ವಿಯಾದಷ್ಟೂ ಪಶುಪಾಲಕನ ಹೊರೆ ಹೆಚ್ಚುವ ಸಂಭವವಿದೆ. ದೇಶಕ್ಕೆ ಕೀರ್ತಿ, ಕಿಬ್ಬರ್‌ನ ಒಂದು ಮನೆಗೆ ನಷ್ಟ ಎಂಬಂತಾದರೆ ಆ ಕೀರ್ತಿ ಬಹುಕಾಲ ಬಾಳದು. ಆದುದರಿಂದಲೇ ಮೂರನೆಯ ಕ್ರಮವು ಮುಖ್ಯವಾಗುತ್ತದೆ.

ಊರೇ ನಡೆಸುವ ವಿಮೆ

2002ರಲ್ಲಿ ಕಿಬ್ಬರ್‌ನಲ್ಲಿ ಪಶುಗಳ ಸಾಮುದಾಯಿಕ ವಿಮೆಯು ಆರಂಭವಾಯಿತು. ಅದರ ತತ್ತ್ವವು ಯಾರಿಗೂ ಅರ್ಥವಾಗುವಂತಹುದು. ಉದಾಹರಣೆಗೆ, ಒಂದು ಊರಿನಲ್ಲಿ 100 ಯಾಕ್‌ಗಳಿದ್ದು ವರ್ಷಕ್ಕೆ 4 ಯಾಕ್‌ಗಳು ಮೃಗಗಳಿಗೆ ಬಲಿಯಾಗುತ್ತವೆ ಎಂದಿಟ್ಟುಕೊಳ್ಳಬಹುದು. ಆ ನಾಲ್ಕೂ ಒಂದೇ ಮನೆಯವಾದರೆ ಆ ಮನೆ ಮೇಲೇಳಲಾರದು. ಆದರೆ ಪ್ರತಿ ಯಾಕ್‌ಗೂ ಅದರ ಬೆಲೆಯ 25ರಲ್ಲಿ ಒಂದು ಪಾಲನ್ನು ಒಡೆಯರೆಲ್ಲರೂ ಕಂತಾಗಿ ಕಟ್ಟಿದರೆ ನಾಲ್ಕು ಯಾಕ್‌ಗಳ ಪೂರ್ಣ ಬೆಲೆ ಕೂಡಿಬರುತ್ತದೆ. ಯಾವ ಮನೆಯೂ ಮುರಿಯುವುದಿಲ್ಲ. ಸರದಿಯ ಮೇಲೆ ಹಿಂಡು ಕಾಯುವ ಪದ್ಧತಿಯಲ್ಲಿ ಶ್ರಮವನ್ನು ಹಂಚಿಕೊಂಡ ಜನ, ವಿಮೆಯಲ್ಲಿ ನಷ್ಟವನ್ನು ಹಂಚಿಕೊಂಡರು. ಕಂತಿನ ಹಣವಷ್ಟೇ ಸಾಲದಿದ್ದ ಮೊದಲ ವರ್ಷಗಳಲ್ಲಿ ಹೊರಗಿನ ನೆರವೂ ನಿಧಿಗೆ ಸೇರಿತು.

ನಿಧಿಯ ಆಡಳಿತವು ಹಳ್ಳಿಯವರೇ ಆರಿಸಿದ ಸಮಿತಿಯದು. ಯಾರ ಯಾಕ್ ಎಲ್ಲಿ, ಹೇಗೆ ಸತ್ತಿತೆಂಬುದು ಹೊರಗಿನ ಪರಿಶೀಲಕನಿಗಿಂತ ನೆರೆಮನೆಯವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಸುಳ್ಳು ಹೇಳಿ ಹಣ ಪಡೆದರೆ ಬರಿದಾಗುವುದು ತಮ್ಮದೇ ಊರಿನ ನಿಧಿ. ಆದಕಾರಣ ಸುಳ್ಳಿಗೆ ಅವಕಾಶ ಕಡಿಮೆ, ತೀರ್ಮಾನಕ್ಕೆ ವಿಳಂಬವೂ ಕಡಿಮೆ. ಇದರೊಡನೆ, ಎಚ್ಚರಿಕೆಯಿಂದ ಕಾವಲು ನಡೆಸಿ ನಷ್ಟವನ್ನು ತಗ್ಗಿಸಿದ ಪಶುಪಾಲಕರಿಗೆ ಬಹುಮಾನ ಕೊಡುವ ಏರ್ಪಾಡನ್ನೂ ಮಾಡಲಾಯಿತು. ವಿಮೆ ಇದೆಯೆಂದು ಹಿಂಡನ್ನು ನಿರ್ಲಕ್ಷಿಸುವ ಪ್ರವೃತ್ತಿಗೆ ಇದು ತಡೆಯಾಯಿತು. ಈ ಮಾದರಿಯು ಅನಂತರ ಇತರ ಹಳ್ಳಿಗಳಿಗೂ ಹಬ್ಬಿತು.

ತೋಳದ ಗುಂಡಿಯ ಬಳಿ ಸ್ತೂಪ

ಮನಸ್ಸು ಬದಲಾದುದರ ಗುರುತನ್ನು ಲಡಾಖ್‌ನ ಚಾಂಗ್‌ಥಾಂಗ್ ಪ್ರದೇಶದಲ್ಲಿ ಕಾಣಬಹುದು. ಪಶ್ಮೀನಾ ಮೇಕೆಗಳನ್ನು ಸಾಕುವ ಆ ಎತ್ತರದ ಬಯಲಿನಲ್ಲಿ ಹಿಂದಿನ ತಲೆಮಾರಿನವರು ಶಾಂಗ್‌ಡೋಂಗ್ ಎಂಬ ಕಲ್ಲಿನ ಗುಂಡಿಗಳನ್ನು ಕಟ್ಟುತ್ತಿದ್ದರು. ಕೆಳಗೆ ಅಗಲವಾಗಿ, ಮೇಲಕ್ಕೆ ಬಂದಂತೆ ಒಳಮುಖವಾಗಿ ಬಾಗುವ ಗೋಡೆಗಳ ಆ ಗುಂಡಿಯೊಳಗೆ ಜೀವಂತ ಪ್ರಾಣಿಯೊಂದನ್ನು ಇರಿಸುತ್ತಿದ್ದರು. ಅದರ ಆಸೆಗೆ ಒಳಗೆ ಜಿಗಿದ ತೋಳವು ಮತ್ತೆ ಹೊರಬರಲಾರದು. ಅನಂತರ ಜನರು ಅದನ್ನು ಕಲ್ಲೆಸೆದು ಕೊಲ್ಲುತ್ತಿದ್ದರು. 2018ರಲ್ಲಿ ಚುಶೂಲ್ ಗ್ರಾಮದ ಜನರು ತಮ್ಮ ಊರಿನ ಇಂತಹ ಗುಂಡಿಗಳನ್ನು ನಿಷ್ಕ್ರಿಯಗೊಳಿಸಿದರು. ಗೋಡೆಯಿಂದ ಕೆಲವು ಕಲ್ಲುಗಳನ್ನು ಕಿತ್ತು, ಒಳಬಿದ್ದ ಪ್ರಾಣಿ ಹೊರಬರುವಂತೆ ದಾರಿ ಬಿಟ್ಟರು. ಗುಂಡಿಯನ್ನು ಪೂರ್ತಿ ಕೆಡವದೆ ಪೂರ್ವಿಕರ ನೆನಪಾಗಿ ಉಳಿಸಿಕೊಂಡು, ಪಕ್ಕದಲ್ಲಿ ಬೌದ್ಧ ಸ್ತೂಪವೊಂದನ್ನು ನಿರ್ಮಿಸಿದರು.

ಇದನ್ನು ಕೇವಲ ಧಾರ್ಮಿಕ ಕರುಣೆಯ ಫಲವೆಂದು ಹೊಗಳಿ ಮುಗಿಸುವುದು ಸರಿಯಾಗದು. ಗುಂಡಿಯನ್ನು ಕಟ್ಟಿದ ಪೂರ್ವಿಕರೂ ಅದೇ ಧರ್ಮದವರೇ. ಆದರೆ ಅವರ ಹಿಂಡನ್ನು ಕಾಯಲು ಬೇರೆ ದಾರಿಯಿರಲಿಲ್ಲ. ಇಂದಿನವರಿಗೆ ಭದ್ರವಾದ ದೊಡ್ಡಿಯೂ ನಷ್ಟಕ್ಕೆ ಆಸರೆಯೂ ದೊರೆಯತೊಡಗಿದಾಗ ಕರುಣೆಗೆ ಎಡೆ ದೊರೆಯಿತು.

ಹೊಸ ಸಮಸ್ಯೆಗಳು

ಕಷ್ಟಗಳೆಲ್ಲ ಕೊನೆಗೊಂಡಿವೆಯೆಂದು ಹೇಳುವಂತಿಲ್ಲ. ಪ್ರವಾಸಿಗರು, ಹೋಟೆಲುಗಳು ಮತ್ತು ಶಿಬಿರಗಳು ಹೆಚ್ಚಿದಂತೆ ಹೊರಚೆಲ್ಲುವ ಎಂಜಲು ಹೆಚ್ಚಿತು, ಅದನ್ನು ತಿಂದು ಬೀದಿನಾಯಿಗಳ ಸಂಖ್ಯೆ ಬೆಳೆಯಿತು. ಚಳಿಗಾಲದಲ್ಲಿ ಎಂಜಲು ಸಿಗದಾದಾಗ ಅವು ಗುಂಪುಗೂಡಿ ಕುರಿಮೇಕೆಗಳ ಮೇಲೆರಗುತ್ತವೆ. ಮೇಲಿನ ಸ್ಪಿತಿಯ ಹಳ್ಳಿಗಳಲ್ಲಿ ಸಾಕುಪ್ರಾಣಿಗಳ ಸಾವಿಗೆ ಹಿಮಚಿರತೆ ತೋಳಗಳಿಗಿಂತ ನಾಯಿಗಳೇ ದೊಡ್ಡ ಕಾರಣವಾಗಿರುವುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮುಂಬಯಿ, ಪುಣೆ, ದೆಹಲಿ, ಹೈದರಾಬಾದ್‌ಗಳಿಂದ ಬೇಸಿಗೆಯ ರಜೆಗೆ ಹಿಮಾಲಯಕ್ಕೆ ತೆರಳುವ ಕನ್ನಡ ಕುಟುಂಬಗಳು ತಮ್ಮ ಊಟದ ಶೇಷವನ್ನು ದಾರಿಯಲ್ಲಿ ಚೆಲ್ಲದೆ ಮರಳಿ ತಂದರೆ, ಆ ಕುರಿಗಾಹಿಗೆ ಮಾಡಿದ ನೇರವಾದ ಉಪಕಾರವಾಗುತ್ತದೆ.

ಮನೆಯ ಕಿರಿಯರು ಓದಿಗಾಗಿ, ಉದ್ಯೋಗಕ್ಕಾಗಿ ಊರು ಬಿಡುತ್ತಿರುವುದರಿಂದ ಸರದಿಯಲ್ಲಿ ಕಾಯಲು ಜನ ಸಿಗುವುದೂ ಕಷ್ಟವಾಗುತ್ತಿದೆ. ಕಾವಲಿನವರು ಕಡಿಮೆಯಾದಷ್ಟೂ ಹಿಂಡಿಗೆ ಅಪಾಯ ಹೆಚ್ಚು. ಇನ್ನೊಂದೆಡೆ, ಊರಿನಲ್ಲಿ ಉಳಿದವರಿಗೆ ಹೊಸ ಕೆಲಸಗಳೂ ತೆರೆದಿವೆ. 2024ರಲ್ಲಿ ಹಿಮಾಚಲ ಪ್ರದೇಶದ ಅರಣ್ಯ ಇಲಾಖೆಯು ನಡೆಸಿದ ಹಿಮಚಿರತೆಗಳ ಗಣತಿಯಲ್ಲಿ ಕಿಬ್ಬರ್‌ನ ಮಹಿಳೆಯರು ಬೆಟ್ಟದ ಮೇಲೆ ಸ್ವಯಂಚಾಲಿತ ಕ್ಯಾಮೆರಾಗಳನ್ನು ಅಳವಡಿಸುವುದರಲ್ಲಿ ಮತ್ತು ಚಿತ್ರಗಳನ್ನು ವಿಂಗಡಿಸುವುದರಲ್ಲಿ ಪಾಲ್ಗೊಂಡರು. 2025ರಲ್ಲಿ ಪ್ರಕಟವಾದ ಆ ಗಣತಿಯ ಅಂದಾಜಿನಂತೆ ರಾಜ್ಯದ ಹಿಮಚಿರತೆಗಳ ಸಂಖ್ಯೆ 83. ಹಿಂಡಿಗೆ ಮೇವು ಹಾಕಿ ಬಂದ ಕೈಗಳೇ ಹಿಮಚಿರತೆಯ ಲೆಕ್ಕವನ್ನೂ ಇಟ್ಟವು.

ಸರ್ಕಾರದ ಯತ್ನಗಳು ಮತ್ತು ಕರ್ನಾಟಕದ ಅನುಭವ

ಕೇಂದ್ರ ಸರ್ಕಾರವು 2009ರಲ್ಲಿ ಹಿಮಚಿರತೆ ಯೋಜನೆಯನ್ನು ಆರಂಭಿಸಿತು. ಸಂರಕ್ಷಿತ ಪ್ರದೇಶದ ಗಡಿಯೊಳಗಷ್ಟೇ ಅಲ್ಲದೆ ಹೊರಗಿನ ಇಡೀ ಭೂಭಾಗದಲ್ಲಿ, ಸ್ಥಳೀಯ ಜನರ ಸಹಭಾಗಿತ್ವದಿಂದ ಕಾರ್ಯ ನಡೆಯಬೇಕೆಂಬುದು ಅದರ ಮುಖ್ಯ ಆಶಯ. ಸಾಕುಪ್ರಾಣಿಗಳ ವಿಮೆಗೂ ಸರ್ಕಾರದ ಬೆಂಬಲವಿದೆ. ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಗೆ 2024ರ ಫೆಬ್ರವರಿಯಲ್ಲಿ ಮಾಡಿದ ಮಾರ್ಪಾಟಿನಂತೆ ವಿಮಾ ಕಂತಿನಲ್ಲಿ ರೈತನ ಪಾಲನ್ನು ಶೇಕಡಾ 15ಕ್ಕೆ ಇಳಿಸಲಾಯಿತು. ಉಳಿದುದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಳ್ಳುತ್ತವೆ. ಯೋಜನೆಯ ವಿವರಗಳು ಆಯಾ ಊರಿನ ಪಶುವೈದ್ಯ ಆಸ್ಪತ್ರೆಯಲ್ಲಿ ದೊರೆಯುತ್ತವೆ.

ಈ ಪ್ರಶ್ನೆಯು ಹಿಮಾಲಯಕ್ಕೆ ಮಾತ್ರ ಸೀಮಿತವಾದುದಲ್ಲ. ಬಂಡೀಪುರ, ನಾಗರಹೊಳೆಗಳ ಅಂಚಿನ ಹಳ್ಳಿಗಳಲ್ಲಿ ಹುಲಿ ಚಿರತೆಗಳಿಗೆ ದನಕರುಗಳನ್ನು ಕಳೆದುಕೊಂಡವರ ದುಃಖವೂ ಇದೇ ಬಗೆಯದು. ಅಲ್ಲಿ 2015ರಿಂದ ವೈಲ್ಡ್ ಸೇವೆ ಎಂಬ ಕಾರ್ಯಕ್ರಮವು ಉಚಿತ ದೂರವಾಣಿ ಸಂಖ್ಯೆಯ ಮೂಲಕ ಕರೆ ಸ್ವೀಕರಿಸಿ, ನಷ್ಟಕ್ಕೊಳಗಾದವರ ಮನೆಗೇ ಕಾರ್ಯಕರ್ತರನ್ನು ಕಳುಹಿಸಿ, ಸರ್ಕಾರದ ಪರಿಹಾರಕ್ಕೆ ಅರ್ಜಿ ಸಲ್ಲಿಸಲು ನೆರವಾಗಿದೆ. ಸ್ಪಿತಿಯಲ್ಲಿ ಊರಿನ ನಿಧಿ, ಮೈಸೂರು ಸೀಮೆಯಲ್ಲಿ ಅರ್ಜಿಗೆ ಆಸರೆ. ವಿಧಾನಗಳು ಬೇರೆಯಾದರೂ ಉದ್ದೇಶ ಒಂದೇ.

ಕಾಡುಮೃಗವು ಇಡೀ ದೇಶದ ಸಂಪತ್ತೆಂದು ಕಾನೂನು ಹೇಳುತ್ತದೆ. ಚಿತ್ರದಲ್ಲಿ ಹಿಮಚಿರತೆಯನ್ನು ಕಂಡು ಹಿಗ್ಗುವವರು ದೇಶದ ಎಲ್ಲೆಡೆ ಇದ್ದಾರೆ. ಆದರೆ ಅದು ತಿಂದ ಯಾಕ್ ಯಾವುದೋ ಒಂದು ಮನೆಯದು. ಆ ಒಂದು ಮನೆಯ ನಷ್ಟವು ಒಂದು ಊರಿನ, ಒಂದು ರಾಜ್ಯದ, ಒಂದು ದೇಶದ ಲೆಕ್ಕಕ್ಕೆ ಎಷ್ಟು ಬೇಗ, ಎಷ್ಟು ನ್ಯಾಯವಾಗಿ ಸೇರುತ್ತದೆ ಎಂಬುದರ ಮೇಲೆ ಆ ಬೆಟ್ಟದಲ್ಲಿ ಮೃಗದ ಭವಿಷ್ಯವೂ ಹಿಂಡಿನ ಭವಿಷ್ಯವೂ ನಿಂತಿದೆ. ಕಿಬ್ಬರ್‌ನ ಎಂಬತ್ತು ಮನೆಯ ಸುತ್ತಿನಲ್ಲಿ ಕಲಿತ ಈ ಪಾಠವು, ಕಾಡಂಚಿನಲ್ಲಿ ದನ ಕಟ್ಟಿಕೊಂಡಿರುವ ಯಾವ ಊರಿಗಾದರೂ ಅನ್ವಯಿಸುತ್ತದೆ.